ಹಲಸೂರು ಸ್ಟಾಪಿನಲ್ಲಿ ನಿಂತವಳು

"ಒಂದ್ಸಲ ಎದ್ದು ಹಿಂದೆ ತಿರುಗಮ್ಮ," ಅಂದೆ.

ಮೆಹ್ವಿಶ್ ಕುರ್ಚಿಯಿಂದ ಎದ್ದು ನನಗೆ ಬೆನ್ನು ಹಾಕಿ ನಿಂತಳು. ಯಾಕೆ ಎಂದು ಕೇಳಲಿಲ್ಲ. ಐದು ದಿನದಿಂದ ಹೆದರಿ ಹೆದರಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು.

ಆಕಾಶಬಣ್ಣದ ಕುರ್ತಾ. ಬಲಗಡೆ ಸೊಂಟದ ಹತ್ತಿರ ಇಸ್ತ್ರಿ ಪೆಟ್ಟಿಗೆ ತಗುಲಿ ಸುಟ್ಟ ಕಂದು ಕಲೆ, ಹೆಬ್ಬೆರಳಿನಷ್ಟು.

ನಾನು ಮತ್ತೆ ಪರದೆ ನೋಡಿದೆ. ಆಟದ ಬಸ್ಸು ಹಲಸೂರು ಸ್ಟಾಪಿನಲ್ಲಿ ಬಾಗಿಲು ತೆರೆದು ನಿಂತಿತ್ತು. ಸ್ಟಾಪಿನಲ್ಲಿ ರಸ್ತೆಗೆ ಬೆನ್ನು ಹಾಕಿ ಒಬ್ಬ ಹುಡುಗಿ. ಆಕಾಶಬಣ್ಣದ ಕುರ್ತಾ. ಬಲಗಡೆ ಸೊಂಟದ ಹತ್ತಿರ ಕಂದು ಕಲೆ.

"ಈ ಕಲೆ ಯಾವಾಗ ಆಗಿದ್ದು?"

"ಇವತ್ತು ಬೆಳಗ್ಗೆ. ಅಮ್ಮಿ ಕರೆದ್ರು, ಇಸ್ತ್ರಿ ಅಲ್ಲೇ ಬಿಟ್ಟು ಹೋದೆ. ದುಪಟ್ಟಾ ಮುಚ್ಚತ್ತಲ್ಲ ಅಂತ ಹಾಕ್ಕೊಂಡು ಬಂದ್ಬಿಟ್ಟೆ." ಅಷ್ಟು ಹೇಳಿ ಅವಳು ತಿರುಗಿದಳು, ಪರದೆ ನೋಡಿದಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ದುಪಟ್ಟಾ ಎಳೆದುಕೊಂಡು ಮೈಗೆ ಸುತ್ತಿಕೊಂಡಳು.

ನಾನೂ ಹೆದರಿದೆ. ಪತ್ತೆ ಮಾಡುವವರಿಗೆ ಭಯ ಇರುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಅವರು ಯಾವತ್ತೂ ಏನನ್ನೂ ಪತ್ತೆ ಮಾಡಿದವರಲ್ಲ.

ಇದೊಂದು ಬಸ್ ಓಡಿಸುವ ಆಟ. ಶಿವಾಜಿನಗರದಿಂದ ಕೆ.ಆರ್. ಪುರಂವರೆಗಿನ ರಸ್ತೆಯನ್ನು ಆಟದೊಳಗೆ ಕಟ್ಟಿದವಳು ಮೆಹ್ವಿಶ್. ಹೀಗೆ ಆಡುವವರೇ ಆಟಕ್ಕೆ ತಯಾರಿಸಿ ಸೇರಿಸುವ ರಸ್ತೆ, ಹಾರ್ನು, ಬಸ್ಸಿನ ಬಣ್ಣ, ಎಲ್ಲಕ್ಕೂ ಮಾಡ್ ಅನ್ನುತ್ತಾರೆ. ನಾಲ್ಕು ದಿನದ ಹಿಂದೆ ಕೆ.ಆರ್. ಪುರಂ ಸ್ಟಾಪಿನಲ್ಲಿ, ಅವಳು ಮಾಡಿರದ ಒಬ್ಬ ಹುಡುಗಿ ನಿಂತಿದ್ದಳು. ಮರುದಿನ ಟಿನ್ ಫ್ಯಾಕ್ಟರಿ. ಆಮೇಲೆ ಬೆನ್ನಿಗಾನಹಳ್ಳಿ, ಇಂದಿರಾನಗರ. ದಿನಕ್ಕೊಂದು ಸ್ಟಾಪು ಹತ್ತಿರ, ದಿನಾ ಮಧ್ಯಾಹ್ನದ ಹೊತ್ತಿಗೆ ಮೆಹ್ವಿಶ್ ಅವತ್ತು ತೊಟ್ಟ ಬಟ್ಟೆ. ಇವತ್ತು ಹಲಸೂರು. ನಾಳೆಯದು ಶಿವಾಜಿನಗರ, ಅವಳ ಮನೆಯ ಸ್ಟಾಪು.

ಅವಳ ಅಪ್ಪ ಕಲೀಮುಲ್ಲಾ ಸಾಹೇಬರು ಶಿವಾಜಿನಗರದಲ್ಲಿ ಫ್ಯಾನ್ ಮೋಟಾರಿನ ಬಿಡಿಭಾಗ ಮಾರುವವರು, ಕೋಪದವರಲ್ಲ. ಇವತ್ತು ಬೆಳಗ್ಗೆ ಫೋನಿನಲ್ಲಿ ಕೂಗಾಡಿಬಿಟ್ಟರು. "ಸಂಜೆ ಒಳಗೆ ಸಿಗ್ಲಿಲ್ಲ ಅಂದ್ರೆ ಮಗಳನ್ನ ವಾಣಿಯಂಬಾಡಿಗೆ, ಅವಳ ಫುಪ್ಪಿ, ನನ್ನ ತಂಗಿ ಮನೆಗೆ ಕಳಿಸಿಬಿಡ್ತೀನಿ ಮೇಡಂ. ಕೆಲಸ ಹೋದ್ರೆ ಹೋಗ್ಲಿ. ಹುಡುಗಿ ಉಳೀಬೇಕು." ಇಂದಿರಾನಗರದ ಒಂದು ಆಟ ತಯಾರಿಸುವ ಕಂಪನಿಗೆ ಸೇರಿ ಅವಳಿಗೆ ಎರಡೇ ತಿಂಗಳಾಗಿತ್ತು.

"ಮೇಡಂ, ಕ್ಯಾಮೆರಾ ಮುಚ್ಚಿದೀವಲ್ಲ?" ಮೆಹ್ವಿಶ್ ಕೇಳಿದಳು.

"ಮುಚ್ಚಿದ್ದು ಮಾತ್ರ ಅಲ್ಲ. ನಿನ್ನ ಲ್ಯಾಪ್‌ಟಾಪ್ ನಿನ್ನೆಯಿಂದ ಆಫ್ ಆಗಿ ನನ್ನ ಬೀರುವಿನಲ್ಲಿದೆ. ಇದು ಬಕ್ರಾ."

ಬಕ್ರಾ ಅಂದರೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಹಳೆಯ ಲ್ಯಾಪ್‌ಟಾಪು. ಅದರ ಕ್ಯಾಮೆರಾ, ಮೈಕು ಕಿತ್ತಿದ್ದೇನೆ. ಒಳಗೆ ಯಾರ ಫೋಟೋ ಇಲ್ಲ, ಪಾಸ್‌ವರ್ಡ್ ಇಲ್ಲ. ಅನುಮಾನದ ಯಾವ ಫೈಲಾದರೂ ಮೊದಲು ಇದರ ಬಾಯಿಗೆ. ಮೆಹ್ವಿಶಳ ಆಟವನ್ನೂ ಮಾಡ್‌ಗಳನ್ನೂ ನಿನ್ನೆ ಇದಕ್ಕೆ ಇಳಿಸಿ, ಹೊಸದೇನು ಬಂದರೂ ತಾನಾಗಿ ಇಳಿಯಲಿ ಎಂದು ಅಪ್‌ಡೇಟ್ ತೆರೆದಿಟ್ಟಿದ್ದೆ.

"ಅಂದ್ರೆ ಇದು ಕ್ಯಾಮೆರಾದಿಂದ ಅಲ್ವೇ ಅಲ್ಲ," ಅಂದೆ. "ಕ್ಯಾಮೆರಾ ಎದುರಿಗಿರೋದನ್ನ ನೋಡತ್ತೆ. ಇವನು ನಿನ್ನ ಬೆನ್ನು ನೋಡಿದಾನೆ. ಇವತ್ತೇ. ಕಣ್ಣಾರೆ."

ಹೇಳಬಾರದಿತ್ತು. ಅವಳು ದುಪಟ್ಟಾ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

"ಯಾರು ಯಾರು ನೋಡಿರ್ಬಹುದು ಹೇಳು."

"ಮನೇಲಿ ಅಬ್ಬಾ, ಅಮ್ಮಿ. ಆಮೇಲೆ ಆಟೋ. ಆಟೋದಲ್ಲಿ ಒರಗಿ ಕೂತಿದ್ದೆ. ಇಳಿದು ಸೀದಾ ಇಲ್ಲಿಗೆ. ಆಫೀಸಿಗಿನ್ನೂ ಹೋಗಿಲ್ಲ." ಮೂರು ದಿನದಿಂದ ಅವಳು ಹೀಗೇ ಹತ್ತು ಗಂಟೆಗೆ ಹೊಸ ತಿಪ್ಪಸಂದ್ರದ ನನ್ನ ಅಂಗಡಿಗೆ ಬಂದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದಳು.

ಮನೆ, ಆಟೋ, ರಸ್ತೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಎಳೆದೆ.

"ವಕಾರ್ ನಮ್ಮ ರಸ್ತೇಲಿ ಬಂದಿರ್ಬಹುದು," ಅಂದಳು. ವಕಾರ್ ಈ ಆಟಕ್ಕೆ ಮಾಡ್ ಮಾಡುವ ಅವಳ ಗುಂಪಿನವನು, ಕೆ.ಆರ್. ಪುರಂನವನು. ಇವಳ ರಸ್ತೆಯನ್ನು ಕದ್ದು ತನ್ನದೆಂದು ಹಾಕಿಕೊಳ್ಳಲು ಹೋಗಿ ಸಿಕ್ಕಿಬಿದ್ದು, ನೋಡ್ಕೋತೀನಿ ಎಂದು ಹೇಳಿದ್ದ. ನಾನೂ ಎರಡು ದಿನ ಅವನ ಬೆನ್ನು ಹತ್ತಿ ಹೊತ್ತು ಹಾಳು ಮಾಡಿದ್ದೆ. ಅವನು ನಾಲ್ಕು ದಿನದಿಂದ ಮಂಗಳೂರಿನಲ್ಲಿ ತಂಗಿಯ ಮದುವೆಯಲ್ಲಿದ್ದಾನೆ ಎಂದು ನಿನ್ನೆ ರಾತ್ರಿ ಖಾತ್ರಿಯಾಯಿತು.

"ವಕಾರ್ ಬಿಡು. ಯಾವ ಮಾಡ್ ಒಳಗೆ ಈ ಹುಡುಗಿ ಕೂತಿದಾಳೆ, ಮೊದಲು ಅದನ್ನ ಹಿಡಿಯೋಣ."

ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಪಟ್ಟಿಯಲ್ಲಿ ಅರವತ್ತನಾಲ್ಕು ಮಾಡ್‌ಗಳಿದ್ದವು. ಒಂದೊಂದನ್ನೇ ತೆಗೆದು ನೋಡುತ್ತ ಕೂತರೆ ಸಂಜೆಯಾಗುತ್ತದೆ. ಹಾಗಾಗಿ ಅರ್ಧ ಆಫ್ ಮಾಡುವುದು, ಬಸ್ ಓಡಿಸುವುದು. ಹುಡುಗಿ ಕಂಡರೆ ಉಳಿದ ಅರ್ಧದಲ್ಲಿದ್ದಾಳೆ, ಕಾಣದಿದ್ದರೆ ತೆಗೆದ ಅರ್ಧದಲ್ಲಿದ್ದಾಳೆ. ಮತ್ತೆ ಅದರಲ್ಲಿ ಅರ್ಧ.

ಆರು ಸಲ ಬಸ್ ಹೊರಡಿಸಿದೆವು. ಪ್ರತಿ ಸಲ ಇಂದಿರಾನಗರ ದಾಟುತ್ತಲೂ ಮೆಹ್ವಿಶ್ ಉಸಿರು ಬಿಗಿಹಿಡಿಯುತ್ತಿದ್ದಳು. ಹುಡುಗಿ ಇದ್ದರೂ ಭಯ, ಇಲ್ಲದಿದ್ದರೂ ಭಯ. ಆರನೇ ಸಲಕ್ಕೆ ಎರಡರಲ್ಲೊಂದು ಉಳಿಯಿತು.

"ಇದು ನನ್ನ ಹಾರ್ನು," ಅಂದಳು ಮೆಹ್ವಿಶ್.

ಅವಳೇ ಮಾಡಿದ ಹಾರ್ನ್ ಮಾಡ್. ಅರವತ್ತನಾಲ್ಕರಲ್ಲಿ ಅವಳು ಒಮ್ಮೆಯೂ ಅನುಮಾನಿಸದ ಒಂದೇ ಒಂದು.

"ಎಷ್ಟು ಎಂಬಿ ಇತ್ತು ನೀನು ಮಾಡಿದಾಗ?"

"ನಲವತ್ತೊಂದು."

"ಇಲ್ಲಿ ನಲವತ್ತಮೂರಿದೆ."

ಫೋಲ್ಡರ್ ಬಿಚ್ಚಿದೆ. ಹಾರ್ನಿಗೆ ಬೇಕಾದ್ದು ಶಬ್ದದ ಫೈಲುಗಳು. ಇಲ್ಲಿ ಹುಡುಗಿಯ ಬೊಂಬೆ, ಬಟ್ಟೆಯ ಚಿತ್ರಗಳು, ಜೊತೆಗೆ ಒಂದು ಸಣ್ಣ ಪ್ರೋಗ್ರಾಂ. ಹಾರ್ನಿಗೆ ಪ್ರೋಗ್ರಾಂ ಯಾಕೆ? ತೆರೆದು ಓದಿದಷ್ಟರಲ್ಲಿ, ಅದು ಕ್ಯಾಮೆರಾ ಆನ್ ಮಾಡಿ ಚಿತ್ರ ತೆಗೆದು ಎಲ್ಲಿಗೋ ಕಳಿಸುವಂಥದ್ದು. ಮೊದಲ ದಿನಗಳ ಬಟ್ಟೆ ಅವನಿಗೆ ಹೀಗೆ ಸಿಕ್ಕಿತ್ತು.

"ಆಂಟಿವೈರಸ್ ಯಾಕೆ ಹಿಡೀಲಿಲ್ಲ ಮೇಡಂ?"

"ನೀನೇ ಅದಕ್ಕೆ ಈ ಫೋಲ್ಡರ್ ನೋಡಬೇಡ ಅಂದಿದೀಯ. ನಿನ್ನೆ ನಿನ್ನ ಲ್ಯಾಪ್‌ಟಾಪ್ ಆಫ್ ಮಾಡೋ ಮುಂಚೆ ನೋಡಿದೆ."

ಅವಳು ತಲೆ ತಗ್ಗಿಸಿದಳು. "ನಾನು ಹೊಸದು ಮಾಡಿದಾಗೆಲ್ಲ ಸುಮ್ಸುಮ್ನೆ ಅಳಿಸಿಹಾಕ್ತಿತ್ತು. ನಂದೇ ಫೋಲ್ಡರ್ ಅಲ್ವಾ ಅಂತ..."

ಬೈಯಬೇಕೆನಿಸಿತು, ಬೈಯಲಿಲ್ಲ. ಮಾಡ್ ಮಾಡುವವರೆಲ್ಲ ಮಾಡುವ ತಪ್ಪೇ ಅದು. ಹೊರಗಿನದನ್ನು ನೂರು ಸಲ ಸೋಸುತ್ತಾರೆ, ತಮ್ಮದಕ್ಕೆ ಬಾಗಿಲು ತೆರೆದಿಟ್ಟಿರುತ್ತಾರೆ.

ಅವರ ಗುಂಪಿನ ಪುಟ ತೆರೆದೆವು. ಅಲ್ಲಿ ಹಾರ್ನಿನ ಹೊಸ ಆವೃತ್ತಿಯೊಂದು ಆರು ದಿನದ ಹಿಂದೆ ಮೆಹ್ವಿಶಳ ಹೆಸರಲ್ಲೇ ಏರಿತ್ತು. ಅವಳು ಏರಿಸಿದ್ದಲ್ಲ. ಆಮೇಲೆ ದಿನಕ್ಕೊಂದು ಅಪ್‌ಡೇಟ್, ಅವೂ ಅವಳವಲ್ಲ. ಪಕ್ಕದಲ್ಲಿ ಹಸಿರು ಗುರುತು.

ಆ ಹಸಿರು ಗುರುತಿಗೆ ಅವರಲ್ಲಿ ಬಹಳ ಬೆಲೆ. ಗುಂಪಿನ ಕಟ್ಟಳೆ ಏನೆಂದರೆ, ಯಾವ ಮಾಡನ್ನೂ ಒಬ್ಬರು ಮೊದಲ ಟ್ರಿಪ್ ಓಡಿಸಿ ನೋಡದ ಹೊರತು ಬೇರೆಯವರಿಗೆ ಇಳಿಸಿಕೊಳ್ಳಲು ಬಿಡುವುದಿಲ್ಲ. ಮೊದಲ ಟ್ರಿಪ್ ಓಡಿಸುವವರು ಸಾಯಬಣ್ಣ. ಮೂವತ್ತೊಂದು ವರ್ಷ ಇದೇ ರಸ್ತೆಯಲ್ಲಿ ನಿಜವಾದ ಬಸ್ ಓಡಿಸಿ ನಿವೃತ್ತರಾದವರು.

"ಅಂಕಲ್ ಸುಳ್ಳು ಗುರುತು ಹಾಕಲ್ಲ," ಮೆಹ್ವಿಶ್ ಹೇಳಿದಳು. "ಬ್ರೇಕ್ ಸ್ವಲ್ಪ ಸರಿ ಇಲ್ಲ ಅಂದ್ರೂ ವಾಪಸ್ ಕಳಿಸ್ತಾರೆ."

"ಹಾಗಾದ್ರೆ ಈ ಹುಡುಗೀನ ಮೊದಲು ನೋಡಿದವರು ಅವರೇ. ಹೋಗಿ ಕೇಳ್ತೀನಿ. ನೀನು ಇಲ್ಲೇ ಇರು."

ಅವಳು ನಡುಗುತ್ತಲೇ ಇದ್ದಳು. ನಾನು ಎಸಿಗೆಂದು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಹಸಿರು ಸ್ವೆಟರ್ ತೆಗೆದುಕೊಟ್ಟೆ. ಹಳೆಯದು. ಮೇಲಿಂದ ಎರಡನೇ ಗುಂಡಿ ಬಿದ್ದಾಗ ಕೈಗೆ ಸಿಕ್ಕ ಕೆಂಪು ದಾರದಲ್ಲಿ ಹೊಲಿದಿದ್ದೆ. ಹಾಕಿಕೊಂಡಳು.

ನನ್ನ ಕೆಲಸಗಾರ ದತ್ತು ಒಳಗಿನ ಮೇಜಿನಲ್ಲಿ ಯಾರದೋ ಲ್ಯಾಪ್‌ಟಾಪ್ ಬಿಚ್ಚಲು ಹೊರಟಿದ್ದ. ಬಿಚ್ಚುವ ಮುಂಚೆ ಕಬ್ಬಿಣದ ರ‍್ಯಾಕಿಗೆ ಉಂಗುರದಿಂದ ಎರಡು ಸಲ ತಟ್ಟಿದ. ಮೈಯಲ್ಲಿರುವ ಕರೆಂಟು ಬೋರ್ಡಿಗೆ ಇಳಿದು ಸುಡಬಾರದೆಂದು ನಾನೇ ಕಲಿಸಿದ್ದು. ಹನ್ನೊಂದು ವರ್ಷವಾಯಿತು, ಇವತ್ತಿಗೂ ಮರೆತವನಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ಮೇಡಂ ಅನ್ನುತ್ತಾನೆ.

"ದತ್ತು, ನಾನು ಹಲಸೂರಿಗೆ ಹೋಗ್ಬರ್ತೀನಿ. ಶಟರ್ ಎಳ್ಕೊಂಡ್ಬಿಡು. ಯಾರು ಬಂದ್ರೂ ತೆಗೀಬೇಡ. ಇವಳನ್ನ ಒಬ್ಬಳೇ ಹೊರಗೆ ಬಿಡಬೇಡ."

"ಆಯ್ತು ಮೇಡಂ. ನಾನಿದೀನಲ್ಲ," ಅಂದ.

ಬಕ್ರಾವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

* * *

ಹಲಸೂರು ಬಜಾರಿನ ಹಿಂದಿನ ಗಲ್ಲಿಯಲ್ಲಿ ಮೊದಲ ಮಹಡಿ. ಬರುವುದನ್ನು ಫೋನ್ ಮಾಡಿ ಹೇಳಿದ್ದೆ. ಸಾಯಬಣ್ಣನವರು ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆ ಬಿಗಿದ ಸ್ಟಿಯರಿಂಗು. ಸ್ಟಿಯರಿಂಗಿಗೆ ಒಣಗಿದ ಸೇವಂತಿಗೆ ಹಾರ.

"ಬರ್ರಿ ಭವ್ಯ ಮೇಡಂ, ಕೂಡ್ರಿ. ನಮ್ಮಾಕಿ ಅಂಗಡಿಗಿ ಹೋಗ್ಯಾಳ. ಚಾ ಆಮ್ಯಾಲ." ಕಲಬುರಗಿ ಬಿಟ್ಟು ಮೂವತ್ತೈದು ವರ್ಷವಾದರೂ ಅವರ ಮಾತು ಊರು ಬಿಟ್ಟಿರಲಿಲ್ಲ.

"ಕಣ್ಣಿಗೇನಾಯ್ತು ಸಾಯಬಣ್ಣೋರೆ?"

"ಪೊರಿ ತೆಗಸೀನ್ರಿ. ಸಣ್ಣ ಆಪರೇಶನ್."

"ಯಾವಾಗ?"

ಅವರು ಕನ್ನಡಕ ಸರಿಪಡಿಸಿಕೊಂಡರು. "ಈಗ, ಮೊನ್ನಿ."

"ಮೆಹ್ವಿಶ್ ಹಾರ್ನಿಗೆ ಆರು ದಿನದ ಹಿಂದೆ ಹಸಿರು ಗುರುತು ಹಾಕಿದೀರಿ. ಮೊದಲ ಟ್ರಿಪ್ ನೀವೇ ಓಡಿಸಿದ್ರಾ?"

"ಮತ್ತ್ಯಾರು ಓಡಸ್ತಾರ್ರಿ? ನಾನೇ ಓಡಸೀನಿ. ಚಲೋ ಅದ ಹಾರ್ನು."

ಮುದುಕರ ಮೇಲೆ ಇಂಥ ಆಟ ಆಡುವುದು ನನಗೆ ಇಷ್ಟವಿಲ್ಲ. ಆದರೆ ಸಂಜೆಗೆ ಎಷ್ಟು ಹೊತ್ತಿದೆ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಬಕ್ರಾ ತೆಗೆದೆ. ಆನ್ ಮಾಡಲಿಲ್ಲ. ಕಪ್ಪು ಪರದೆಯನ್ನೇ ಅವರ ಮುಖದ ಮುಂದೆ ಹಿಡಿದೆ.

"ಹಾಗಾದ್ರೆ ಈ ಸ್ಟಾಪಲ್ಲಿ ನಿಂತಿರೋಳು ಯಾರು ಹೇಳಿ."

ಅವರು ಮುಂದಕ್ಕೆ ಬಾಗಿದರು. ಕತ್ತು ಅತ್ತಿತ್ತ ಹೊರಳಿಸಿದರು.

"ನಮ್ಮ ಮೆಹ್ವಿಶ್ ಅಲ್ಲೇನ್ರಿ ಇದು? ನಿಂತಾಳಲ್ಲ, ಚಂದ."

"ಸಾಯಬಣ್ಣೋರೆ, ಲ್ಯಾಪ್‌ಟಾಪ್ ಆಫ್ ಆಗಿದೆ."

ಅವರ ಕೈ ಮಂಚದ ಅಂಚನ್ನು ಹಿಡಿಯಿತು. ಕೆಳಗೆ ಬಜಾರಿನಲ್ಲಿ ಯಾರೋ ತಮಿಳಿನಲ್ಲಿ ಬಾಳೆಹಣ್ಣಿನ ಚೌಕಾಸಿ ನಡೆಸಿದ್ದರು. ನಾನು ಬಕ್ರಾ ಕೆಳಗಿಳಿಸಿದೆ.

"ಒಂಬತ್ತು ದಿನ ಆತ್ರಿ ಆಪರೇಶನ್ ಆಗಿ," ಅಂದರು ಕೊನೆಗೆ. "ಇನ್ನೊಂದು ಕಣ್ಣಾಗೂ ಪೊರಿ ಅದ. ಬೆಳಕು, ನೆಳ್ಳು, ಅಷ್ಟೇ ಕಾಣ್ತದ."

"ಮತ್ತೆ ಗುಂಪಲ್ಲಿ ಹೇಳಬಹುದಾಗಿತ್ತಲ್ಲ, ಸದ್ಯ ಆಗಲ್ಲ ಅಂತ?"

"ಹ್ಯಾಂಗ ಹೇಳ್ಲಿ?" ದನಿ ಏರಿತು. "ಡ್ಯೂಟಿ ಮುಗದ ಮ್ಯಾಲ ನನ್ನ ಯಾರು ಕೇಳ್ತಾರ್ರಿ? ಮನ್ಯಾಗ ಟಿವಿ ಸೌಂಡ್ ಕಡಿಮಿ ಮಾಡ್ರಿ ಅಂದ್ರ ಮಾಡಂಗಿಲ್ಲ. ಆ ಹುಡುಗ್ರು, ಹುಡುಗ್ಯಾರು, ಅರವತ್ತು ಮಂದಿ, ಅಂಕಲ್ ನೀವು ಓಡಿಸಿದ್ರೆ ಸರಿ ಅಂತಾರ. ಕಣ್ಣು ಕಾಣಂಗಿಲ್ಲ ಅಂದ್ರ ನಾಳೆ ಇನ್ನೊಬ್ಬನ್ನ ಕೂಡಸ್ತಾರ."

ನನಗೆ ಸಿಟ್ಟೂ ಬಂತು, ಕರುಳೂ ಚುರ್ ಅಂತು. "ನಿಮ್ಮ ಹಸಿರು ಗುರುತು ನೋಡಿ ಎಲ್ಲರೂ ಅದನ್ನ ಇಳಿಸಿಕೊಂಡಿದಾರೆ. ಯಾರೋ ಆ ಹುಡುಗಿ ಬೆನ್ನು ಹತ್ತಿದಾನೆ. ಇವತ್ತು ಅವಳ ಹಿಂದೆ ನಿಂತು ನೋಡಿದಾನೆ. ನಾಳೆ ಏನು ಮಾಡ್ತಾನೋ ಗೊತ್ತಿಲ್ಲ. ಗುರುತು ಹಾಕಿದ್ದು ಯಾರು?"

"ಖರೇನೇ? ನಮ್ಮ ಹುಡುಗಿ ಹಿಂದ?" ಕನ್ನಡಕದ ಕೆಳಗಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಿ, ಡಾಕ್ಟರು ಬೇಡವೆಂದದ್ದು ನೆನಪಾಗಿ ಕೈ ಹಿಂದೆ ತೆಗೆದರು.

"ವಕಾರ್ ಬಂದಿದ್ನಾ?"

"ವಕಾರ್ ಅಲ್ರಿ. ನಿಮ್ಮ ಕಡಿಯಾಂವ."

"ನಮ್ಮ ಕಡೆ ಅಂದ್ರೆ?"

"ನಿಮ್ಮ ಅಂಗಡಿಯಾಂವ್ರಿ. ನೀವೇ ಕಳಿಸಿದ್ರಲ್ಲ? ಕಂಪ್ಯೂಟರ್ ಸರ್ವಿಸ್ ಮಾಡಾಕ ಭವ್ಯ ಮೇಡಂ ಕಳಿಸ್ಯಾರ ಅಂದ. ನಿಮ್ಮ ಹೆಸರು ಕೇಳಿ ಒಳಗ ಕರದೆ. ನನಗ ಓಡಸಾಕ ಬರಂಗಿಲ್ಲ, ನಾಕು ಮಾಡ್ ಬಾಕಿ ಅವ, ಒಂಚೂರು ನೋಡಿ ಗುರುತು ಹಾಕಪ್ಪ ಅಂತ ನಾನೇ ಕೈ ಮುಗದೆ. ಪಾಸ್‌ವರ್ಡೂ ನಾನೇ ಹೇಳೀನಿ."

ನಾನು ಯಾರನ್ನೂ ಕಳಿಸಿರಲಿಲ್ಲ.

"ನನ್ನ ಹೆಸರು ಯಾರು ಬೇಕಾದ್ರೂ ಹೇಳಬಹುದು," ಅಂದೆ. ಅವರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ತಿಳಿಯದು. "ಮುಖ ಕಾಣಿಸಲಿಲ್ಲ ನಿಮಗೆ. ದನಿ ಹೇಗಿತ್ತು? ಏನಾದ್ರೂ ನೆನಪಿದೆಯಾ?"

"ಮೆತ್ತಗ ಮಾತಾಡ್ತಿದ್ದ. ಭಾಳ ಒಳ್ಳೆ ಮನಷ್ಯಾ ಅನಿಸ್ತು." ಅವರು ಯೋಚಿಸಿದರು. "ಮೂವತ್ತೊಂದು ವರ್ಷ ಇಂಜಿನ್ ಸಪ್ಪಳ ಕೇಳೇ ಬಸ್ಸಿನ ಜಡ್ಡು ಹೇಳಿದಾಂವ್ರಿ ನಾನು. ಕಿವಿ ಸುಳ್ಳಾಗಂಗಿಲ್ಲ. ಕಂಪ್ಯೂಟರ್ ಮುಟ್ಟೋಕಿಂತ ಮೊದಲ ಕಿಟಕಿ ಸರಳಿಗಿ ಏನೋ ಬಡದ. ಉಂಗುರ ಇರಬೇಕು. ಟಣ್ ಟಣ್. ಎರಡೇ ಸಲ."

ನನಗೆ ನನ್ನ ಅಂಗಡಿಯ ಕಬ್ಬಿಣದ ರ‍್ಯಾಕು ನೆನಪಾಯಿತು.

ಒಂಬತ್ತು ದಿನದ ಹಿಂದೆ ಮೆಹ್ವಿಶಳ ಲ್ಯಾಪ್‌ಟಾಪು ಕೀಬೋರ್ಡ್ ಬದಲಾಯಿಸಲು ನನ್ನ ಅಂಗಡಿಗೆ ಬಂದಿತ್ತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿ ಅಂಟಿಸಿಕೊಂಡವಳು ನಾನೇ. ಕೆಲಸ ಮಾಡಿದವನು ದತ್ತು. ದತ್ತುವಿನ ಮನೆ ಕೆ.ಆರ್. ಪುರಂನಲ್ಲಿ.

ನೋಟ್‌ಬುಕ್ ತೆರೆದೆ. ಮನೆ, ಆಟೋ, ರಸ್ತೆ. ದುಪಟ್ಟಾ ತೆಗೆದು ಕುರ್ಚಿಗೆ ಹಾಕಿ ಅವಳು ಎರಡು ಗಂಟೆ ಬೆನ್ನು ತೋರಿಸಿ ಕೂತಿದ್ದ ಜಾಗವನ್ನು ನಾನು ಬರೆದೇ ಇರಲಿಲ್ಲ. ಅವಳ ಬೆನ್ನ ಹಿಂದಿನ ಮೇಜು ಯಾರದು ಎಂದು ಯೋಚಿಸಿಯೇ ಇರಲಿಲ್ಲ.

ಇಲ್ಲ. ಹನ್ನೊಂದು ವರ್ಷ. ನನ್ನ ಅಮ್ಮನಿಗೆ ಆಸ್ಪತ್ರೆಯಲ್ಲಿ ರಕ್ತ ಕೊಟ್ಟವನು. ಉಂಗುರ ಎಷ್ಟೋ ಜನರ ಕೈಯಲ್ಲಿರುತ್ತದೆ.

ಬಕ್ರಾ ಆನ್ ಮಾಡಿದೆ. ಫೋನಿನಿಂದ ಇಂಟರ್ನೆಟ್ ಕೊಟ್ಟೆ. ಆಟ ತೆರೆಯುವ ಮುಂಚೆಯೇ ಮೂಲೆಯಲ್ಲಿ ಸಾಲೊಂದು ಮೂಡಿತು: ಹಾರ್ನ್, ಹೊಸ ಅಪ್‌ಡೇಟ್, ಹನ್ನೆರಡು ನಿಮಿಷದ ಹಿಂದೆ.

ಇಷ್ಟು ದಿನ ದಿನಕ್ಕೊಂದೇ ಬರುತ್ತಿತ್ತು. ಇವತ್ತು ಎರಡನೆಯದು.

"ಏನ್ರಿ ಅದು? ಏನ್ ಕಾಣ್ತದ?" ಸಾಯಬಣ್ಣ ಕೇಳುತ್ತಿದ್ದರು.

ಬಸ್ಸನ್ನು ಇಂದಿರಾನಗರದಿಂದ ಹೊರಡಿಸಿದೆ. ಸಿಗ್ನಲ್ಲು, ತಿರುವು. ಹಲಸೂರು ಸ್ಟಾಪು ಬಂತು.

ಹುಡುಗಿ ಇವತ್ತು ಮೊದಲ ಸಲ ರಸ್ತೆಯ ಕಡೆಗೆ ತಿರುಗಿ ನಿಂತಿದ್ದಳು. ಮುಖದ ಜಾಗ ಖಾಲಿ. ಮೈಮೇಲೆ ಹಸಿರು ಸ್ವೆಟರ್.

ಹತ್ತಿರ ಹೋದೆ. ಮೇಲಿಂದ ಎರಡನೇ ಗುಂಡಿ. ಕೆಂಪು ದಾರ.

ಆ ಸ್ವೆಟರ್ ನನ್ನ ಅಂಗಡಿಯ ಬಾಗಿಲು ದಾಟಿ ಹೊರಗೆ ಬಂದಿರಲೇ ಇಲ್ಲ.

ಮೆಹ್ವಿಶಳಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ನಿಂತಿತು. ಮತ್ತೆ ಮಾಡಿದೆ. ಈ ಸಲ ಎತ್ತಿದರು.

"ಮೆಹ್ವಿಶ್, ಮಾತಾಡಬೇಡ, ಸುಮ್ನೆ ಕೇಳು..."

"ನಾನು ಮೇಡಂ, ದತ್ತು." ಎಂದಿನ ಮೆತ್ತಗಿನ ದನಿ. "ಅವಳು ಅತ್ತು ಅತ್ತು ಸುಸ್ತಾಗಿ ಮಲಗಿದಾಳೆ. ಫೋನ್ ನಾನೇ ಇಟ್ಕೊಂಡಿದೀನಿ."

ಹೊಸ ತಿಪ್ಪಸಂದ್ರಕ್ಕೆ ಈ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ.

"ನೀವು ನಿಧಾನಕ್ಕೆ ಬನ್ನಿ ಮೇಡಂ," ಅಂದ ದತ್ತು. ಮಾತಿನ ನಡುವೆ ಕಬ್ಬಿಣದ ಮೇಲೆ ಉಂಗುರ ತಟ್ಟಿದ ಸದ್ದು, ಎರಡು ಸಲ. "ನೀವು ಹೇಳಿದ ಹಾಗೇ ಶಟರ್ ಪೂರ್ತಿ ಎಳೆದಿದೀನಿ. ಯಾರು ಬಂದ್ರೂ ತೆಗೆಯಲ್ಲ."